ಗೊರಕೆಯೂ ಒಂದು ರಾತ್ರಿಯ ಪರೀಕ್ಷೆಯೂ

(ಆರೋಗ್ಯ ಪಾಠ)



‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಲೋಕಲ್ ಗಾಡಿಯಲ್ಲಿ ನಿಂತಲ್ಲೇ ತೂಕಡಿಸುವವನನ್ನು, ಊಟದ ತಟ್ಟೆಯ ಮುಂದೆ ಕಣ್ಣು ಮುಚ್ಚುವವನನ್ನು ಕಂಡು ‘ಪುಣ್ಯವಂತ, ಎಲ್ಲಿ ಬೇಕಾದರೂ ನಿದ್ದೆ ಬರುತ್ತದೆ’ ಎಂದು ಹೊಟ್ಟೆಕಿಚ್ಚು ಪಡುವುದೂ ಉಂಟು. ಆದರೆ ಸಂತೆಯಲ್ಲಿ ನಿದ್ದೆ ಹೋಗುವವರೆಲ್ಲರೂ ಚಿಂತೆಯಿಲ್ಲದವರಲ್ಲ. ಅವರಲ್ಲಿ ಕೆಲವರು ರಾತ್ರಿಯೆಲ್ಲ ಮಲಗಿದ್ದೂ ನಿಜವಾದ ನಿದ್ದೆಯನ್ನು ಕಾಣದವರು. ಅವರ ಉಸಿರು ರಾತ್ರಿಯಲ್ಲಿ ನೂರಾರು ಸಲ ನಿಂತು ನಿಂತು ಸಾಗುತ್ತಿರುತ್ತದೆ. ಅದು ಅವರಿಗೇ ತಿಳಿದಿರುವುದಿಲ್ಲ. ಈ ರೋಗವನ್ನೂ, ಇದನ್ನು ಕಂಡುಹಿಡಿಯಲು ಒಂದು ರಾತ್ರಿ ಮಾಡುವ ಪರೀಕ್ಷೆಯನ್ನೂ ಈ ಪಾಠದಲ್ಲಿ ತಿಳಿಯೋಣ.

ರೋಗದ ಸ್ವರೂಪ

ಈ ರೋಗಕ್ಕೆ ವೈದ್ಯರು ‘ಸ್ಲೀಪ್ ಅಪ್ನಿಯ’ ಎನ್ನುತ್ತಾರೆ. ಸ್ಲೀಪ್ ಎಂದರೆ ನಿದ್ದೆ. ಅಪ್ನಿಯ ಎಂಬುದು ಗ್ರೀಕ್ ಭಾಷೆಯಿಂದ ಬಂದ ಮಾತು. ಅದರ ಮೊದಲಿನ ‘ಅ’ಕಾರವು ನಮ್ಮ ‘ಅಸತ್ಯ’, ‘ಅನ್ಯಾಯ’ಗಳಲ್ಲಿರುವಂತೆಯೇ ‘ಇಲ್ಲ’ ಎಂಬ ಅರ್ಥ ಕೊಡುತ್ತದೆ. ಉಸಿರಿಲ್ಲದಿರುವುದೇ ಅಪ್ನಿಯ. ದೊಡ್ಡವರಲ್ಲಿ ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರಾಟ ನಿಂತರೆ ಅದನ್ನು ಒಂದು ಅಪ್ನಿಯವೆಂದು ಎಣಿಸುತ್ತಾರೆ.

ಉಸಿರು ನಿಲ್ಲುವುದೇಕೆ? ನಳದ ನೀರು ಬರುವ ಹೊತ್ತಿಗೆ ಮೋಟಾರಿಗೆ ಮೆತ್ತನೆಯ ಪೈಪು ಸಿಕ್ಕಿಸಿ ನೀರೆಳೆಯುವುದನ್ನು ನಮ್ಮ ಗಲ್ಲಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ನೀರಿನ ಜೋರು ಕಡಿಮೆಯಾದೊಡನೆ ಮೋಟಾರಿನ ಎಳೆತಕ್ಕೆ ಪೈಪಿನ ಗೋಡೆಗಳು ಒಳಕ್ಕೆ ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೋಟಾರು ಗುರುಗುಟ್ಟುತ್ತದೆ, ನೀರು ಮಾತ್ರ ಬಾರದು. ನಮ್ಮ ಗಂಟಲೂ ಅಂಥ ಮೆತ್ತನೆಯ ಕೊಳವೆಯೇ. ಎಚ್ಚರವಿರುವಾಗ ಅದರ ಸುತ್ತಲಿನ ಸ್ನಾಯುಗಳು ಅದನ್ನು ತೆರೆದಿಡುತ್ತವೆ. ನಿದ್ದೆ ಬಂದಾಗ ಆ ಸ್ನಾಯುಗಳು ಸಡಿಲಾಗುತ್ತವೆ, ನಾಲಗೆ ಹಿಂದಕ್ಕೆ ಸರಿಯುತ್ತದೆ. ದಾರಿ ಕಿರಿದಾದಾಗ ಗಾಳಿ ಅದರ ಗೋಡೆಗಳನ್ನು ಅದುರಿಸುತ್ತ ಹೋಗುತ್ತದೆ, ಅದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಗೊರಕೆಯೂ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಎದೆ ಹೊಟ್ಟೆಗಳು ಮಾತ್ರ ಮೋಟಾರಿನಂತೆ ಎಳೆಯುತ್ತಲೇ ಇರುತ್ತವೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಅಪಾಯವನ್ನರಿತ ಮೆದುಳು ಮಲಗಿದವನನ್ನು ಕ್ಷಣಕಾಲ ಎಬ್ಬಿಸುತ್ತದೆ. ಗಂಟಲು ತೆರೆಯುತ್ತದೆ, ‘ಹಕ್’ ಎಂದು ಉಸಿರು ಬರುತ್ತದೆ, ಮತ್ತೆ ಮಂಪರು. ಈ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಗ್ಗೆ ಅದರ ನೆನಪೇ ಇರುವುದಿಲ್ಲ. ಎಂಟು ಗಂಟೆ ಹಾಸಿಗೆಯಲ್ಲಿದ್ದವನು ದಣಿದೇ ಏಳುತ್ತಾನೆ. ಬಾಯಿ ಒಣಗಿರುತ್ತದೆ, ತಲೆ ನೋಯುತ್ತದೆ, ರಾತ್ರಿ ಮೂತ್ರಕ್ಕೆಂದು ಹಲವು ಸಲ ಎದ್ದಿರುತ್ತಾನೆ. ಹಗಲಲ್ಲಿ ಮರೆವು, ಸಿಡುಕು, ತಡೆಯಲಾಗದ ತೂಕಡಿಕೆ. ವರ್ಷಗಟ್ಟಲೆ ಹೀಗೆಯೇ ನಡೆದರೆ ರಕ್ತದೊತ್ತಡ ಏರುತ್ತದೆ. ಹೃದಯದ ಕಾಯಿಲೆ, ಪಾರ್ಶ್ವವಾಯುಗಳ ಭಯ ಹೆಚ್ಚುತ್ತದೆ. ಟ್ಯಾಕ್ಸಿ, ಟೆಂಪೋ ಓಡಿಸುವವನಿಗೆ, ಪ್ರೆಸ್ಸು ಮಶೀನಿನ ಮುಂದೆ ಕೈಯೊಡ್ಡುವವನಿಗೆ ಇಷ್ಟು ವರ್ಷ ಕಾಯುವ ಅವಕಾಶವೂ ಇಲ್ಲ. ಒಂದು ಕ್ಷಣದ ತೂಕಡಿಕೆಯೇ ಸಾಕು.

ಯಾರಿಗೆ ಬರುತ್ತದೆ?

‘ಇದು ದಪ್ಪ ಮೈಯ ಶ್ರೀಮಂತರ ರೋಗ, ನಮಗೇನು?’ ಎನ್ನಬಾರದು. ಬೊಜ್ಜು ಇದಕ್ಕೆ ದೊಡ್ಡ ಕಾರಣವೆಂಬುದು ನಿಜ. ಆದರೆ ದವಡೆ ಚಿಕ್ಕದಾಗಿ ಹಿಂದೆ ಸರಿದಿರುವವರಿಗೆ, ಕತ್ತು ದಪ್ಪವಿರುವವರಿಗೆ, ಗಂಟಲಿನ ಗಂಟುಗಳು ಊದಿರುವ ಮಕ್ಕಳಿಗೆ, ಮುಟ್ಟು ನಿಂತ ಹೆಂಗಸರಿಗೆ, ಥೈರಾಯಿಡ್ ಕೊರತೆ ಇರುವವರಿಗೆ ಸಹ ಇದು ಬರಬಹುದು. ಹೆಂಗಸರಲ್ಲಿ ಗೊರಕೆ ಜೋರಾಗಿ ಕೇಳದೆ, ಬರೀ ಆಯಾಸ, ನಿದ್ದೆಗೇಡು ಎಂದೇ ರೋಗ ತೋರಿಕೊಳ್ಳುವುದುಂಟು. ಮದ್ಯವೂ ನಿದ್ದೆಯ ಗುಳಿಗೆಯೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ‘ನಿದ್ದೆ ಸರಿಯಿಲ್ಲ’ ಎಂದು ಅಂಗಡಿಯಿಂದ ಗುಳಿಗೆ ತಂದು ನುಂಗುವುದು ಇಂಥವರಿಗೆ ಕೇಡು.

ನಮ್ಮ ಧಾರಾವಿಗೆ ಹತ್ತಿರದ ಮಾಹಿಮಿನಲ್ಲಿರುವ ಹಿಂದುಜಾ ಆಸ್ಪತ್ರೆಯಲ್ಲಿ ಡಾ. ಜರೀರ್ ಉದ್ವಾಡಿಯಾ ಮತ್ತು ಅವರ ಸಂಗಡಿಗರು ಮಾಡಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸಾಮಾನ್ಯ ತಪಾಸಣೆಗೆಂದು ಬಂದ, 35ರಿಂದ 65 ವರ್ಷದೊಳಗಿನ 658 ಗಂಡಸರನ್ನು ಅವರು ಪ್ರಶ್ನಿಸಿ, 250 ಮಂದಿಗೆ ಮನೆಯಲ್ಲೇ ರಾತ್ರಿಯ ನಿದ್ರಾಪರೀಕ್ಷೆ ಮಾಡಿದರು. ಆ ಲೆಕ್ಕದಂತೆ ನೂರಕ್ಕೆ 19.5 ಮಂದಿಯಲ್ಲಿ ನಿದ್ದೆಯ ಉಸಿರಾಟ ಕೆಟ್ಟಿತ್ತು. ಅದರೊಡನೆ ಹಗಲಿನ ತೂಕಡಿಕೆಯೂ ಕೂಡಿದ್ದವರು ನೂರಕ್ಕೆ 7.5. ತಪಾಸಣೆಗೆಂದು ದೊಡ್ಡ ಆಸ್ಪತ್ರೆಗೆ ಹೋಗಬಲ್ಲವರ ಲೆಕ್ಕವಿದು, ಕೂಲಿಕಾರರ ಲೆಕ್ಕವಲ್ಲ. ಆದರೂ ಈ ರೋಗ ಅಪರೂಪದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಚಿತ್ರಸಂಗೀತಕಾರ ಬಪ್ಪಿ ಲಾಹಿರಿಯವರು 2022ರ ಫೆಬ್ರವರಿ 15ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅವರ ವೈದ್ಯರು ಹೇಳಿದ ಹೆಸರೂ ಇದೇ ರೋಗದ್ದು. ಅಂದು ಬಹಳ ಜನರು ಈ ಹೆಸರನ್ನು ಮೊದಲ ಸಲ ಕೇಳಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೊರಕೆ ಹೊಡೆಯುವವರಿಗೆಲ್ಲ ಈ ರೋಗವಿಲ್ಲ; ಹಗಲು ತೂಕಡಿಸುವವರಿಗೆಲ್ಲವೂ ಇಲ್ಲ. ಎರಡು ಪಾಳಿ ದುಡಿದು, ಸೆಕೆಯ ಖೋಲಿಯಲ್ಲಿ ನಾಲ್ಕು ಗಂಟೆ ಮಲಗುವವನಿಗೆ ಮೊದಲು ಬೇಕಾದುದು ನಿದ್ದೆಯೇ ಹೊರತು ಪರೀಕ್ಷೆಯಲ್ಲ. ಸಾಕಷ್ಟು ಹೊತ್ತು ಮಲಗಿದ ಮೇಲೂ ದಣಿವು ಹೋಗದಿದ್ದರೆ ಸಂಶಯ ಪಡಬೇಕು.

ಸಾಕ್ಷಿ ಹೇಳಬೇಕಾದವರು

ಬೇರೆ ನೋವುಗಳನ್ನು ರೋಗಿ ತಾನೇ ಹೇಳಬಲ್ಲ. ಈ ರೋಗದಲ್ಲಿ ಮಾತ್ರ ರೋಗಿಯೇ ತನ್ನ ರೋಗಕ್ಕೆ ಸಾಕ್ಷಿಯಲ್ಲ. ಆ ಹೊತ್ತಿನಲ್ಲಿ ಅವನು ನಿದ್ದೆಯಲ್ಲಿರುತ್ತಾನೆ. ಊರಿನಲ್ಲಿ ಹೆಂಡತಿ ನೋಡಿ ಹೇಳುತ್ತಿದ್ದಳು. ಕುಟುಂಬವನ್ನು ಕಲಬುರಗಿಯಲ್ಲೋ ವಿಜಯಪುರದಲ್ಲೋ ಬಿಟ್ಟು ಇಲ್ಲಿ ಒಂದೇ ಖೋಲಿಯಲ್ಲಿ ಏಳೆಂಟು ಮಂದಿ ಸಾಲಾಗಿ ಮಲಗುವ ನಮ್ಮಂಥವರಿಗೆ ಪಕ್ಕದ ಚಾಪೆಯವನೇ ಸಾಕ್ಷಿ. ಆದರೆ ಅವನು ಮಾಡುವುದೇನು? ‘ಕುಂಭಕರ್ಣ’ ಎಂದು ಹೆಸರಿಡುತ್ತಾನೆ, ಕಾಲಿನಿಂದ ತಿವಿಯುತ್ತಾನೆ, ಬೇಸರವಾದರೆ ಮಾಳಿಗೆಗೆ ಹೋಗಿ ಮಲಗುತ್ತಾನೆ. ನಗೆಗೆ ಅಂಜಿದ ರೋಗಿ ಬಾಯಿ ಬಿಡುವುದಿಲ್ಲ.

ಇದನ್ನು ತಿದ್ದಿಕೊಳ್ಳೋಣ. ಜೊತೆಗಾರನ ಗೊರಕೆ ನಡುನಡುವೆ ಫಕ್ಕನೆ ನಿಂತು, ಆಮೇಲೆ ಏದುಸಿರಿನೊಡನೆ ಮತ್ತೆ ಶುರುವಾಗುವುದನ್ನು ಕೇಳಿದವರು ಎರಡು ಮೂರು ರಾತ್ರಿ ಒಂದು ಚೀಟಿ ಬರೆದಿಡಲಿ: ಮಲಗಿದ್ದು ಎಷ್ಟು ಗಂಟೆಗೆ, ಎದ್ದದ್ದು ಎಷ್ಟಕ್ಕೆ, ಉಸಿರು ನಿಂತದ್ದು ಕಂಡಿತೇ, ನಿಧಾನವಾಗಿ ಎಣಿಸಿದರೆ ಎಷ್ಟು ಎಣಿಕೆಯವರೆಗೆ, ಆಗ ಅಂಗಾತ ಮಲಗಿದ್ದನೇ ಮಗ್ಗುಲಾಗಿದ್ದನೇ, ಹೆಂಡ ಕುಡಿದಿದ್ದನೇ. ಅವನ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರ ತೆಗೆದಿಟ್ಟರೂ ಒಳ್ಳೆಯದು. ಈ ಚೀಟಿ ವೈದ್ಯರಿಗೆ ಬಹಳ ಬೆಲೆಯುಳ್ಳದ್ದು.

ಹಗಲಿನ ತೂಕಡಿಕೆಯನ್ನು ಅಳೆಯಲು ಆಸ್ಟ್ರೇಲಿಯದ ವೈದ್ಯ ಮರ್ರೆ ಜಾನ್ಸ್ 1991ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಓದುವಾಗ, ಟಿ.ವಿ. ನೋಡುವಾಗ, ಪ್ರಯಾಣಿಕನಾಗಿ ಒಂದು ಗಂಟೆ ಗಾಡಿಯಲ್ಲಿ ಕುಳಿತಾಗ, ಒಬ್ಬರೊಡನೆ ಮಾತಾಡುವಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವುದೇ ಎಂದು ಕೇಳಿ, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾರೆ. ಒಟ್ಟು 24. ಮೊತ್ತ 10ನ್ನು ಮೀರಿದರೆ ತೂಕಡಿಕೆ ಹೆಚ್ಚೆಂದು ಅರ್ಥ. ಆದರೆ ಇದು ಸಂಶಯಕ್ಕೆ ದಾರಿಯೇ ಹೊರತು ನಿರ್ಣಯವಲ್ಲ. ನಿರ್ಣಯಕ್ಕೆ ರಾತ್ರಿಯ ಪರೀಕ್ಷೆ ಬೇಕು.

ಪರೀಕ್ಷೆಯ ರಾತ್ರಿ

ಪೂರ್ಣ ಪರೀಕ್ಷೆಯ ಹೆಸರು ‘ಪಾಲಿಸಾಮ್ನೋಗ್ರಫಿ’. ಪಾಲಿ ಎಂದರೆ ಹಲವು, ಸಾಮ್ನಸ್ ಎಂದರೆ ನಿದ್ದೆ, ಗ್ರಫಿ ಎಂದರೆ ಬರಹ. ನಿದ್ದೆಯನ್ನು ಹಲವು ಗೆರೆಗಳಲ್ಲಿ ಬರೆದಿಡುವುದು ಎಂದು ತಿಳಿಯಬಹುದು. ಹೆಸರು ದೊಡ್ಡದು, ಕೆಲಸ ಸುಲಭ: ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಬೇಕು, ಅಷ್ಟೇ.

ಆ ದಿನ ತಲೆ ತೊಳೆದುಕೊಂಡು, ಎಣ್ಣೆ ಹಚ್ಚದೆ ಹೋಗಬೇಕು. ಎಣ್ಣೆಯಿದ್ದರೆ ತಂತಿಗಳು ಅಂಟುವುದಿಲ್ಲ. ಮಧ್ಯಾಹ್ನದ ಮೇಲೆ ಚಹ ಕಾಫಿ ಬೇಡ, ಹಗಲು ನಿದ್ದೆ ಬೇಡ, ಮದ್ಯ ಬೇಡವೇ ಬೇಡ. ದಿನವೂ ತೆಗೆದುಕೊಳ್ಳುವ ಔಷಧಗಳನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು, ತಾನಾಗಿ ನಿಲ್ಲಿಸಬಾರದು. ಸಡಿಲವಾದ ಬಟ್ಟೆ ಇರಲಿ. ರಾತ್ರಿ ಪಾಳಿಯಲ್ಲಿ ದುಡಿದು ಹಗಲು ಮಲಗುವವರು ಅದನ್ನು ಮೊದಲೇ ತಿಳಿಸಬೇಕು.

ಮಲಗುವ ಮುಂಚೆ ತಂತ್ರಜ್ಞರು ಮೈಮೇಲೆ ಬಿಲ್ಲೆಗಳನ್ನು ಅಂಟಿಸುತ್ತಾರೆ. ತಲೆಯ ಮೇಲಿನವು ಮೆದುಳಿನ ವಿದ್ಯುತ್ತನ್ನು ಬರೆಯುತ್ತವೆ. ನಿದ್ದೆ ಬಂದಿದೆಯೇ, ಎಷ್ಟು ಗಾಢವಾಗಿದೆ ಎಂಬುದು ಅದರಿಂದ ತಿಳಿಯುತ್ತದೆ. ಕಣ್ಣಿನ ಪಕ್ಕದವು ಕಣ್ಣುಗುಡ್ಡೆಯ ಚಲನೆಯನ್ನು, ಗದ್ದದ ಮತ್ತು ಕಾಲಿನವು ಸ್ನಾಯುಗಳನ್ನು, ಎದೆಯವು ಹೃದಯವನ್ನು ಗಮನಿಸುತ್ತವೆ. ಮೂಗಿನ ಬಳಿಯ ಸಣ್ಣ ಕೊಳವೆ ಗಾಳಿಯನ್ನು ಅಳೆಯುತ್ತದೆ. ಬೆರಳಿಗೆ ಸಿಕ್ಕಿಸಿದ ಚಿಮಟಿಗೆ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ ಕಟ್ಟುತ್ತಾರೆ. ಗಾಳಿ ನಿಂತಾಗಲೂ ಪಟ್ಟಿಗಳು ಹಿಗ್ಗಿ ಕುಗ್ಗುತ್ತಿದ್ದರೆ ದಾರಿ ಗಂಟಲಲ್ಲಿ ಮುಚ್ಚಿದೆ ಎಂದರ್ಥ. ಪಟ್ಟಿಗಳೂ ನಿಶ್ಚಲವಾದರೆ ಉಸಿರಾಡೆಂಬ ಆಜ್ಞೆಯೇ ಮೆದುಳಿನಿಂದ ಬಂದಿಲ್ಲ ಎಂದರ್ಥ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದ ಈ ಪಟ್ಟಿಗಳು ಬೇಕೇ ಬೇಕು.

ಇಷ್ಟು ತಂತಿಗಳನ್ನು ಕಂಡು ‘ಕರೆಂಟು ಹೊಡೆಯುತ್ತದೆಯೇ?’ ಎಂದು ಹಲವರು ಹೆದರುತ್ತಾರೆ. ಈ ತಂತಿಗಳು ಮೈಗೆ ವಿದ್ಯುತ್ತನ್ನು ಕೊಡುವುದಿಲ್ಲ. ಮೈಯಲ್ಲಿ ಇರುವುದನ್ನು ಓದುತ್ತವೆ. ಸೂಜಿಯಿಲ್ಲ, ನೋವಿಲ್ಲ, ಮೂರ್ಛೆ ಬರಿಸುವ ಔಷಧವಿಲ್ಲ. ಪಕ್ಕದ ಕೋಣೆಯಲ್ಲಿ ತಂತ್ರಜ್ಞರು ರಾತ್ರಿಯೆಲ್ಲ ಎಚ್ಚರವಿರುತ್ತಾರೆ. ಮೂತ್ರಕ್ಕೆ ಹೋಗಬೇಕಾದರೆ ಕರೆದರೆ ಸಾಕು, ತಂತಿಯ ಗೊಂಚಲನ್ನು ಬಿಡಿಸಿ ಕಳಿಸುತ್ತಾರೆ. ಕ್ಯಾಮೆರಾ ಇರುತ್ತದೆ, ಅದು ಮಲಗಿದ ಭಂಗಿಯನ್ನು ನೋಡಲಿಕ್ಕೆ. ‘ಹೊಸ ಜಾಗದಲ್ಲಿ ನಿದ್ದೆ ಬಾರದಿದ್ದರೆ?’ ಎಂಬ ಚಿಂತೆಯೂ ಬೇಡ. ಎಂದಿನಷ್ಟು ಚೆನ್ನಾಗಿ ನಿದ್ದೆ ಬಾರದಿದ್ದರೂ ನಾಲ್ಕೈದು ಗಂಟೆಯಲ್ಲಿ ವೈದ್ಯರಿಗೆ ಬೇಕಾದಷ್ಟು ವಿಷಯ ಸಾಮಾನ್ಯವಾಗಿ ಸಿಗುತ್ತದೆ.

ಕೆಲವರಿಗೆ ಸಣ್ಣ ಯಂತ್ರವನ್ನು ಮನೆಗೇ ಕೊಟ್ಟು ಕಳಿಸುವುದುಂಟು. ಅದರಲ್ಲಿ ತಲೆಯ ತಂತಿಗಳು ಸಾಮಾನ್ಯವಾಗಿ ಇರುವುದಿಲ್ಲ. ಗಾಳಿ, ಪಟ್ಟಿ, ಬೆರಳಿನ ಚಿಮಟಿಗೆ ಮುಂತಾದವು ಇರುತ್ತವೆ. ಅದರಲ್ಲಿ ‘ರೋಗವಿಲ್ಲ’ ಎಂದು ಬಂದರೂ ಲಕ್ಷಣಗಳು ಬಲವಾಗಿದ್ದರೆ ಪೂರ್ಣ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಬೆಳಗಿನ ಲೆಕ್ಕ

ರಾತ್ರಿಯ ದಾಖಲೆಯನ್ನು ಮೂವತ್ತು ಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ ಓದುತ್ತಾರೆ. ಎಂಟು ಗಂಟೆಯ ರಾತ್ರಿಯೆಂದರೆ 960 ತುಣುಕುಗಳು. ಗುಮಾಸ್ತನು ಖಾತೆಪುಸ್ತಕದ ಸಾಲು ಸಾಲನ್ನೂ ತಾಳೆ ನೋಡುವಂಥ ಕೆಲಸವಿದು. ಆದ್ದರಿಂದ ವರದಿ ಕೈಗೆ ಬರಲು ಕೆಲವು ದಿನ ಹಿಡಿಯಬಹುದು.

ವರದಿಯಲ್ಲಿ ಮುಖ್ಯವಾಗಿ ನೋಡಬೇಕಾದ ಅಂಕಿ ‘ಎ.ಎಚ್.ಐ.’ ಎಂಬುದು. ಒಂದು ಗಂಟೆಯ ನಿದ್ದೆಯಲ್ಲಿ ಉಸಿರು ನಿಂತದ್ದು, ತೀರ ಕಿರಿದಾದದ್ದು ಎರಡೂ ಸೇರಿ ಎಷ್ಟು ಸಲ ಎಂಬುದೇ ಇದರ ಅರ್ಥ. ಒಬ್ಬನು ಆರು ಗಂಟೆ ನಿದ್ದೆ ಮಾಡಿದ, ಅಷ್ಟರಲ್ಲಿ 132 ಸಲ ಹೀಗಾಯಿತು ಎನ್ನಿ. 132ನ್ನು 6ರಿಂದ ಭಾಗಿಸಿದರೆ 22. ದೊಡ್ಡವರಲ್ಲಿ 5ರ ಒಳಗೆ ಸಹಜ. 5ರಿಂದ 15ರೊಳಗೆ ಅಲ್ಪ. 15ರಿಂದ 30ರೊಳಗೆ ಮಧ್ಯಮ. 30 ಮತ್ತು ಅದಕ್ಕೆ ಮೇಲೆ ತೀವ್ರ. ನಮ್ಮ ಉದಾಹರಣೆಯವನದು ಮಧ್ಯಮ. ಇದರೊಡನೆ ಆಮ್ಲಜನಕ ಎಷ್ಟಕ್ಕೆ ಇಳಿಯಿತು, 90ರ ಕೆಳಗೆ ಎಷ್ಟು ಹೊತ್ತು ಇತ್ತು ಎಂಬುದನ್ನೂ ಕೇಳಿ ತಿಳಿಯಬೇಕು.

ಚಿಕಿತ್ಸೆ

ಪರೀಕ್ಷೆ ಮಾಡಿಸಿ ವರದಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಪ್ರಯೋಜನವಿಲ್ಲ. 1981ಕ್ಕೆ ಮುಂಚೆ ತೀವ್ರ ರೋಗಿಗಳಿಗೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ಕೊಡುವುದೇ ಮುಖ್ಯ ಉಪಾಯವಾಗಿತ್ತು. ಆ ವರ್ಷ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಐವರು ರೋಗಿಗಳ ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ, ಶಸ್ತ್ರವಿಲ್ಲದೆಯೇ ಗಂಟಲು ತೆರೆದಿರುವಂತೆ ಮಾಡಿದ್ದನ್ನು ಪ್ರಕಟಿಸಿದರು. ಅದೇ ಇಂದಿನ ‘ಸಿಪ್ಯಾಪ್’ ಯಂತ್ರ. ಚಪ್ಪಟೆಯಾದ ಪೈಪಿನೊಳಗೆ ಜೋರಾಗಿ ನೀರು ತುಂಬಿದಾಗ ಅದು ಮತ್ತೆ ದುಂಡಗಾಗುವುದಿಲ್ಲವೇ? ಇದೂ ಹಾಗೆಯೇ. ಇದು ಆಮ್ಲಜನಕದ ಸಿಲಿಂಡರಲ್ಲ. ಕೋಣೆಯ ಗಾಳಿಯನ್ನೇ ಮುಖವಾಡದ ಮೂಲಕ ಕಳಿಸುತ್ತದೆ. ಎಷ್ಟು ಒತ್ತಡ ಬೇಕೆಂಬುದನ್ನು ವೈದ್ಯರು ಗೊತ್ತುಮಾಡಬೇಕು. ಕೆಲವೊಮ್ಮೆ ಪರೀಕ್ಷೆಯ ರಾತ್ರಿಯ ಉತ್ತರಾರ್ಧದಲ್ಲೇ ಅದನ್ನು ನೋಡಿಬಿಡುತ್ತಾರೆ. ಬೇರೆಯವರ ಹಳೆಯ ಯಂತ್ರವನ್ನು ಕೇಳದೆ ಕೊಂಡು ಹಾಕಿಕೊಳ್ಳಬಾರದು.

ಎಲ್ಲರಿಗೂ ಯಂತ್ರವೇ ಬೇಕೆಂದಿಲ್ಲ. ರೋಗ ಅಲ್ಪವಾಗಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಇವುಗಳಿಂದಲೇ ಹಲವರಿಗೆ ಗುಣ ಕಾಣುತ್ತದೆ. ಅಂಗಿಯ ಬೆನ್ನಿಗೆ ಒಂದು ಚೆಂಡನ್ನು ಹೊಲಿದುಕೊಂಡು ಅಂಗಾತ ಮಲಗದಂತೆ ಮಾಡುವ ಹಳೆಯ ಉಪಾಯವೂ ಉಂಟು. ಕೆಲವರಿಗೆ ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ, ಕೆಲವರಿಗೆ ಶಸ್ತ್ರಚಿಕಿತ್ಸೆ ಒಗ್ಗುತ್ತದೆ. ಚಿಕಿತ್ಸೆ ಹಿಡಿದು ತೂಕಡಿಕೆ ಹೋಗುವವರೆಗೆ ವಾಹನ ಓಡಿಸಬಾರದು.

ಎಲ್ಲಿಗೆ ಹೋಗಬೇಕು?

ಮೊದಲ ದಿನವೇ ದುಬಾರಿ ಪರೀಕ್ಷೆಗೆ ಓಡಬೇಕಾಗಿಲ್ಲ. ಧಾರಾವಿಯಲ್ಲಿ ಜನರು ‘ಛೋಟಾ ಸಾಯನ್’ ಎಂದು ಕರೆಯುವ ನಗರ ಆರೋಗ್ಯ ಕೇಂದ್ರವಿದೆ. ಪಕ್ಕದಲ್ಲೇ ಲೋಕಮಾನ್ಯ ತಿಲಕ್ ಮುನಿಸಿಪಲ್ ಆಸ್ಪತ್ರೆ, ಅಂದರೆ ನಮ್ಮ ಸಾಯನ್ ಆಸ್ಪತ್ರೆ ಇದೆ. ಕೇಸ್ ಪೇಪರು ಮಾಡಿಸಿ, ಚೀಟಿಯನ್ನು ತೋರಿಸಿ, ಎದೆಯ ರೋಗದ ಅಥವಾ ಕಿವಿ-ಮೂಗು-ಗಂಟಲಿನ ವಿಭಾಗದ ವೈದ್ಯರನ್ನು ಕಾಣಬೇಕು. ಪರೀಕ್ಷೆ ಎಲ್ಲಿ, ಎಷ್ಟು ಖರ್ಚು, ಸರದಿ ಎಂದು ಎಂಬುದನ್ನು ಅವರಲ್ಲೇ ಕೇಳಿ ಬರೆಸಿಕೊಳ್ಳಬೇಕು. ಇ.ಎಸ್.ಐ. ಚೀಟಿ ಇದ್ದವರು ಇ.ಎಸ್.ಐ. ದವಾಖಾನೆಯಲ್ಲಿ ವಿಚಾರಿಸಬೇಕು. ಖರ್ಚು ಭರಿಸಲಾರದವರು ಆಸ್ಪತ್ರೆಯ ಸಮಾಜಸೇವಾ ವಿಭಾಗದವರನ್ನು ಕೇಳಲು ಸಂಕೋಚ ಪಡಬಾರದು.

ಭಾಷೆಯ ತೊಡಕಿದ್ದವರು ಎರಡು ಮಾತು ನೆನಪಿಡಲಿ: ಗೊರಕೆಗೆ ಮರಾಠಿಯಲ್ಲಿ ‘ಘೋರಣೆ’, ಹಿಂದಿಯಲ್ಲಿ ‘ಖರ್ರಾಟೆ’. ಸಾಧ್ಯವಾದರೆ ಪಕ್ಕದ ಚಾಪೆಯವನನ್ನೇ ಜೊತೆಗೆ ಕರೆದೊಯ್ಯಬೇಕು. ಅವನ ಅರ್ಧ ದಿನದ ಕೂಲಿ ಹೋಗಬಹುದು. ಆದರೆ ರೋಗಿ ತಾನೇ ಹೇಳಲಾಗದ ಸಂಗತಿಯನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ನಾಳೆ ಅವನಿಗೆ ಬೇಕಾದಾಗ ಇವನು ಹೋಗಲಿ.

ಮನನಕ್ಕೆ ಪ್ರಶ್ನೆಗಳು

1. ಗೊರಕೆ ಫಕ್ಕನೆ ನಿಂತಾಗ ‘ಸದ್ಯ, ಸುಮ್ಮನಾದ’ ಎಂದು ಸಮಾಧಾನ ಪಡುವುದು ಏಕೆ ತಪ್ಪು?
2. ಎದೆಗೂ ಹೊಟ್ಟೆಗೂ ಪಟ್ಟಿ ಕಟ್ಟುವುದರಿಂದ ವೈದ್ಯರಿಗೆ ಏನು ತಿಳಿಯುತ್ತದೆ?
3. ಒಬ್ಬನು ಐದು ಗಂಟೆ ನಿದ್ದೆ ಮಾಡಿದಾಗ 160 ಸಲ ಉಸಿರು ನಿಂತಿತು ಅಥವಾ ತೀರ ಕಿರಿದಾಯಿತು. ಅವನ ಎ.ಎಚ್.ಐ. ಎಷ್ಟು? ರೋಗ ಯಾವ ದರ್ಜೆಯದು?
4. ಕಡಿಮೆ ನಿದ್ದೆಯಿಂದ ಬರುವ ತೂಕಡಿಕೆಗೂ ಈ ರೋಗದ ತೂಕಡಿಕೆಗೂ ಇರುವ ವ್ಯತ್ಯಾಸವೇನು?
5. ನಿಮ್ಮ ಖೋಲಿಯಲ್ಲಿ ಇಂಥವರು ಯಾರಾದರೂ ಇದ್ದಾರೆಯೇ? ಅವರಿಗಾಗಿ ಚೀಟಿ ಬರೆಯುವವರು ಯಾರು?